ಸಿ ಡ್ರೈವ್ ಕೆಂಪಾದಾಗ: ಅಳಿಸುವ ಮೊದಲು ಅಳೆಯಿರಿ

ಕಂಪ್ಯೂಟರಿನಲ್ಲಿ 'ದಿಸ್ ಪಿಸಿ' ತೆರೆದರೆ ಪ್ರತಿ ಡ್ರೈವ್‌ನ ಹೆಸರಿನ ಕೆಳಗೆ ಒಂದು ಪಟ್ಟಿ ಕಾಣುತ್ತದೆ. ಜಾಗ ಸಾಕಷ್ಟು ಇರುವವರೆಗೆ ಅದು ನೀಲಿ. ಜಾಗ ಮುಗಿಯುತ್ತಾ ಬಂದರೆ ಕೆಂಪು. ಮನೆಯ ಕಂಪ್ಯೂಟರಿನ ಬಗ್ಗೆ ವಿದ್ಯಾರ್ಥಿಗಳು ಲ್ಯಾಬ್‌ಗೆ ತರುವ ದೂರುಗಳಲ್ಲಿ ಈ ಕೆಂಪು ಪಟ್ಟಿಯದ್ದೇ ಮೊದಲ ಸ್ಥಾನ. ಮಾತು ಹೆಚ್ಚುಕಡಿಮೆ ಒಂದೇ: "ಸರ್, ನಾನು ಹೊಸದಾಗಿ ಏನೂ ಹಾಕಿಲ್ಲ. ಹೋದ ವಾರ ಇಪ್ಪತ್ತು ಜಿಬಿ ಖಾಲಿ ಇತ್ತು. ಈಗ ನೋಡಿದರೆ ಒಂದು ಜಿಬಿಯೂ ಇಲ್ಲ. ವೈರಸ್ ಇರಬಹುದಾ?"

ಇದಕ್ಕೆ ವೈರಸ್ ಕಾರಣವಾಗುವುದು ಅಪರೂಪ. ಆದರೆ ಆ ಗಾಬರಿಯಲ್ಲಿ ನಾವು ಮಾಡುವ ಕೆಲಸಗಳು ಕೆಲವೊಮ್ಮೆ ವೈರಸ್‌ಗಿಂತ ಹೆಚ್ಚು ಹಾನಿ ಮಾಡುತ್ತವೆ. ನಮ್ಮ ದ್ವಿತೀಯ ಪಿಯುಸಿಯ ಒಬ್ಬ ಹುಡುಗನ ಮನೆಯಲ್ಲಿ ನಡೆದದ್ದನ್ನೇ ನೋಡಿ. ಅವನ ಅಬ್ಬ ಗಲ್ಫ್‌ನಲ್ಲಿದ್ದಾರೆ, ಮನೆಯವರಿಗೆಲ್ಲ ಸೇರಿ ಒಂದೇ ಲ್ಯಾಪ್‌ಟಾಪ್. ಅದರಲ್ಲಿ ಅಕ್ಕನ ಮದುವೆಯ ಫೋಟೊಗಳು, ತೀರಿಹೋದ ಅಜ್ಜಿ ಫೋನಿನಲ್ಲಿ ಕಳುಹಿಸುತ್ತಿದ್ದ ಧ್ವನಿ ಸಂದೇಶಗಳು, ಇವನ ನೋಟ್ಸ್, ಎಲ್ಲವೂ ಇದ್ದವು. ಜಾಗ ಮುಗಿದು ಕಂಪ್ಯೂಟರ್ ತೆವಳತೊಡಗಿದಾಗ ರಿಪೇರಿಗೆ ಕೊಟ್ಟರು. ಅಲ್ಲಿ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಕೊಟ್ಟರು. ಜಾಗ ಮರಳಿ ಬಂತು, ಫೋಟೊಗಳು ಬರಲಿಲ್ಲ. ಎರಡು ತಿಂಗಳಲ್ಲಿ ಪಟ್ಟಿ ಮತ್ತೆ ಕೆಂಪಾಯಿತು. ಏಕೆಂದರೆ ಜಾಗವನ್ನು ತಿನ್ನುತ್ತಿದ್ದುದು ಫೋಟೊಗಳಾಗಿರಲೇ ಇಲ್ಲ. ಅದು ಏನೆಂದು ಮುಂದೆ ಹೇಳುತ್ತೇನೆ.

"ಅಳಿಸಿದರೇನು, ರಿಕವರಿ ಸಾಫ್ಟ್‌ವೇರ್ ಇದೆಯಲ್ಲ" ಎನ್ನುವವರಿಗೆ ಒಂದು ಮಾತು. ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಫೈಲ್ ಅಳಿಸಿದರೆ ಅದರ ಹೆಸರು ಮಾತ್ರ ಪಟ್ಟಿಯಿಂದ ಹೋಗುತ್ತದೆ. ಅದೇ ಜಾಗದ ಮೇಲೆ ಬೇರೆ ಏನಾದರೂ ಬರೆಯುವವರೆಗೆ ಒಳಗಿನ ಮಾಹಿತಿ ಉಳಿದಿರುತ್ತದೆ. ಹಾಗಾಗಿ ಮರಳಿ ಪಡೆಯುವ ಸಾಧ್ಯತೆ ಇರುತ್ತದೆ. ಈಗಿನ ಎಸ್‌ಎಸ್‌ಡಿಗಳ ಕಥೆ ಬೇರೆ. ಫೈಲ್ ಅಳಿಸಿದ ಕೂಡಲೇ ವಿಂಡೋಸ್ 'ಟ್ರಿಮ್' ಎಂಬ ಆದೇಶದ ಮೂಲಕ ಈ ಭಾಗ ಇನ್ನು ಬೇಡ ಎಂದು ಎಸ್‌ಎಸ್‌ಡಿಗೆ ತಿಳಿಸುತ್ತದೆ. ಎಸ್‌ಎಸ್‌ಡಿ ತನಗೆ ಬಿಡುವಾದಾಗ ಆ ಭಾಗವನ್ನು ನಿಜವಾಗಿಯೂ ಖಾಲಿ ಮಾಡಿಬಿಡುತ್ತದೆ. ಆಮೇಲೆ ಯಾವ ಸಾಫ್ಟ್‌ವೇರ್ ತಂದರೂ ಹೆಚ್ಚಿನ ಪ್ರಯೋಜನವಿಲ್ಲ. ಆದ್ದರಿಂದ ಮೊದಲು ಅಳೆಯುವುದು, ನಂತರ ಅಳಿಸುವುದು.

ನಿಜಕ್ಕೂ ಕಳೆದುಹೋಗದೆ, ಕಳೆದುಹೋದಂತೆ ಕಾಣುವ ಜಾಗದ ವಿಷಯವನ್ನು ಮೊದಲೇ ಮುಗಿಸಿಬಿಡೋಣ. 256 ಜಿಬಿ ಎಂದು ಬರೆದಿರುವ ಎಸ್‌ಎಸ್‌ಡಿಯನ್ನು ವಿಂಡೋಸ್ 238 ಜಿಬಿ ಎಂದು ತೋರಿಸುತ್ತದೆ. 500 ಜಿಬಿಯದ್ದು 465 ಆಗುತ್ತದೆ, 1 ಟಿಬಿಯದ್ದು 931 ಜಿಬಿ. ಇದರಲ್ಲಿ ಮಾರಿದವರ ಮೋಸವಿಲ್ಲ. ಡಿಸ್ಕ್ ತಯಾರಿಸುವವರು ಒಂದು ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ ಮಾತ್ರ 1024ನ್ನು 1024ರಿಂದ ಎರಡು ಬಾರಿ ಗುಣಿಸಿ, 1,07,37,41,824 ಬೈಟ್‌ಗಳಿಗೆ ಒಂದು ಜಿಬಿ ಎನ್ನುತ್ತದೆ. 25,600 ಕೋಟಿಯನ್ನು ಈ ಸಂಖ್ಯೆಯಿಂದ ಭಾಗಿಸಿ ನೋಡಿ, 238.4 ಬರುತ್ತದೆ. ಈ ಗೊಂದಲ ಬೇಡವೆಂದು 1998ರಲ್ಲೇ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗವು 1024ರ ಲೆಕ್ಕಕ್ಕೆ 'ಗಿಬಿಬೈಟ್' ಎಂಬ ಬೇರೆ ಹೆಸರನ್ನೇ ಕೊಟ್ಟಿತು. ಆಪಲ್ 2009ರಲ್ಲಿ ತನ್ನ ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ತಯಾರಕರ ಲೆಕ್ಕವನ್ನೇ ಒಪ್ಪಿಕೊಂಡಿತು. ವಿಂಡೋಸ್ ಮಾತ್ರ ಹಳೆಯ ಲೆಕ್ಕ ಹಿಡಿದು, ಹೊಸ ಹೆಸರು ಬಳಸದೆ ಕುಳಿತಿದೆ. ಇದರ ಜೊತೆಗೆ 2019ರ ನಂತರದ ವಿಂಡೋಸ್ ಹಾಕಿದ ಹೊಸ ಕಂಪ್ಯೂಟರ್‌ಗಳಲ್ಲಿ ಅಪ್‌ಡೇಟ್‌ಗಳಿಗೆಂದು ಸುಮಾರು 7 ಜಿಬಿ ಕಾಯ್ದಿರಿಸಿದ ಜಾಗವೂ ಇರುತ್ತದೆ. ಇದು ಹುಡುಕಬೇಕಾದ ಕಳ್ಳನಲ್ಲ.

ಈಗ ನಿಜವಾದ ಹುಡುಕಾಟ. ಸಿ ಡ್ರೈವ್ ತೆರೆದು, ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲ ಫೋಲ್ಡರ್‌ಗಳನ್ನು ಆಯ್ಕೆ ಮಾಡಿ, ಬಲ ಕ್ಲಿಕ್ ಮಾಡಿ 'ಪ್ರಾಪರ್ಟೀಸ್' ನೋಡಿ. ಸ್ವಲ್ಪ ಹೊತ್ತು ಎಣಿಸಿದ ಮೇಲೆ ಒಟ್ಟು ಗಾತ್ರ ಬರುತ್ತದೆ. ಅದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹಿಂದೆ ಬಂದು ಸಿ ಡ್ರೈವ್‌ನ ಮೇಲೆಯೇ ಬಲ ಕ್ಲಿಕ್ ಮಾಡಿ ಅದರ ಪ್ರಾಪರ್ಟೀಸ್‌ನಲ್ಲಿ 'ಯೂಸ್ಡ್ ಸ್ಪೇಸ್' ಎಷ್ಟಿದೆ ನೋಡಿ. ಎರಡೂ ಒಂದೇ ಆಗಿರುವುದು ಕಡಿಮೆ. ಫೋಲ್ಡರ್‌ಗಳ ಮೊತ್ತ 70 ಜಿಬಿ, ಡ್ರೈವ್ ಹೇಳುವುದು 110 ಜಿಬಿ ಎಂದಿಟ್ಟುಕೊಳ್ಳಿ. ನಡುವಿನ 40 ಜಿಬಿ ನಿಮ್ಮ ಕಣ್ಣಿಗೆ ಕಾಣದ ಕಡೆ ಇದೆ ಎಂದರ್ಥ. ಎರಡು ಸಂಖ್ಯೆಗಳೂ ಹತ್ತಿರವಿದ್ದರೆ ಜಾಗ ತಿಂದದ್ದು ನಿಮಗೆ ಕಾಣುವ ಫೋಲ್ಡರ್‌ಗಳ ಒಳಗೇ ಇದೆ. ಈ ಒಂದು ಪರೀಕ್ಷೆಯಿಂದಲೇ ಮುಂದೆ ಎತ್ತ ಹೋಗಬೇಕೆಂದು ತಿಳಿಯುತ್ತದೆ. ಇದಕ್ಕೆ ಯಾವ ಸಾಫ್ಟ್‌ವೇರ್ ಕೂಡ ಬೇಕಿಲ್ಲ.

ಫೋಲ್ಡರ್‌ಗಳ ಒಳಗೆ ಹುಡುಕಲು ಎರಡು ಉಚಿತ ಉಪಕರಣಗಳು ಚೆನ್ನಾಗಿವೆ: ವಿನ್‌ಡರ್‌ಸ್ಟ್ಯಾಟ್ ಮತ್ತು ವಿಜ್‌ಟ್ರೀ. ಎರಡೂ ಇಡೀ ಡ್ರೈವನ್ನು ಓದಿ, ಪ್ರತಿ ಫೈಲನ್ನೂ ಅದರ ಗಾತ್ರಕ್ಕೆ ತಕ್ಕ ಬಣ್ಣದ ಚೌಕವಾಗಿ ತೋರಿಸುತ್ತವೆ. ದೊಡ್ಡ ಚೌಕದ ಮೇಲೆ ಕ್ಲಿಕ್ ಮಾಡಿದರೆ ಅದು ಯಾವ ಫೋಲ್ಡರಿನ ಯಾವ ಫೈಲ್ ಎಂದು ತಿಳಿಯುತ್ತದೆ. ವಿಜ್‌ಟ್ರೀ ಬಹಳ ಬೇಗ ಮುಗಿಸುತ್ತದೆ. ಅದು ಫೋಲ್ಡರ್‌ಗಳನ್ನು ಒಂದೊಂದಾಗಿ ತೆರೆಯುವುದಿಲ್ಲ, ಡಿಸ್ಕ್‌ನ ಮುಖ್ಯ ಫೈಲ್ ಪಟ್ಟಿಯನ್ನೇ ನೇರವಾಗಿ ಓದುತ್ತದೆ. ಯಾವುದನ್ನು ಬಳಸಿದರೂ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಆಯ್ಕೆಯಿಂದ ತೆರೆಯಿರಿ. ಇಲ್ಲದಿದ್ದರೆ ವಿಂಡೋಸ್ ಬೀಗ ಹಾಕಿಟ್ಟ ಫೋಲ್ಡರ್‌ಗಳ ಲೆಕ್ಕ ಸಿಗುವುದಿಲ್ಲ. ಅವನ್ನು ಅವುಗಳ ಸ್ವಂತ ತಾಣಗಳಿಂದಲೇ ಇಳಿಸಿಕೊಳ್ಳಿ. ಅದೇ ಹೆಸರಿನಲ್ಲಿ ಬೇರೇನನ್ನೋ ಅಂಟಿಸುವ ತಾಣಗಳಿಗೆ ಕೊರತೆಯಿಲ್ಲ.

ಇನ್ನು ಕಾಣದ 40 ಜಿಬಿ. ಸಿ ಡ್ರೈವ್‌ನ ಬೇರಿನಲ್ಲಿಯೇ ವಿಂಡೋಸ್ ಬಚ್ಚಿಟ್ಟ ಎರಡು ದೊಡ್ಡ ಫೈಲ್‌ಗಳಿರುತ್ತವೆ. ಒಂದರ ಹೆಸರು ಪೇಜ್‌ಫೈಲ್. ರ‍್ಯಾಮ್ ಸಾಲದೇ ಹೋದಾಗ ಸದ್ಯಕ್ಕೆ ಬೇಡದ ವಿಷಯಗಳನ್ನು ವಿಂಡೋಸ್ ಇದರೊಳಗೆ ಇಳಿಸಿಡುತ್ತದೆ. ನಾಲ್ಕು ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರಿನ ಮೂವತ್ತು ಟ್ಯಾಬ್ ತೆರೆದು ಕುಳಿತರೆ ಇದು ಉಬ್ಬುತ್ತದೆ. ಬೆಳಿಗ್ಗೆ ಇದ್ದ ಜಾಗ ಸಂಜೆ ಇರುವುದಿಲ್ಲ, ರೀಸ್ಟಾರ್ಟ್ ಮಾಡಿದರೆ ಮತ್ತೆ ಬರುತ್ತದೆ. ನಿಮ್ಮ ಜಾಗವೂ ಹೀಗೆ ಬಂದು ಹೋಗುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ. ಇದನ್ನು ತೆಗೆದುಹಾಕಿ ಎಂದು ಯೂಟ್ಯೂಬ್‌ನಲ್ಲಿ ಸಲಹೆ ಕೊಡುವವರಿದ್ದಾರೆ. ಕೇಳಬೇಡಿ. ಪೇಜ್‌ಫೈಲ್ ಇಲ್ಲದೆ ರ‍್ಯಾಮ್ ತುಂಬಿದರೆ ಪ್ರೋಗ್ರಾಂಗಳು ಅರ್ಧದಲ್ಲೇ ಮುಚ್ಚಿಕೊಳ್ಳುತ್ತವೆ, ಉಳಿಸದ ಕೆಲಸ ಹೋಗುತ್ತದೆ.

ಎರಡನೆಯದು ಹೈಬರ್‌ಫಿಲ್. ಕಂಪ್ಯೂಟರನ್ನು 'ಹೈಬರ್‌ನೇಟ್' ಮಾಡಿದಾಗ ರ‍್ಯಾಮ್‌ನಲ್ಲಿದ್ದದ್ದೆಲ್ಲ ಇದರಲ್ಲಿ ಕೂರುತ್ತದೆ. ವಿಂಡೋಸ್ 10ರಲ್ಲಿ ಸಾಮಾನ್ಯವಾಗಿ ಇದಕ್ಕೆ ರ‍್ಯಾಮ್‌ನ ಶೇಕಡಾ 40ರಷ್ಟು ಜಾಗ ಮೀಸಲು, ವಿಂಡೋಸ್ 7ರಲ್ಲಿ ಶೇಕಡಾ 75 ಇತ್ತು. ಎಂದರೆ 8 ಜಿಬಿ ರ‍್ಯಾಮ್‌ಗೆ 3.2 ಜಿಬಿ, 16ಕ್ಕೆ 6.4. ಹೈಬರ್‌ನೇಟ್ ಎಂದೂ ಬಳಸದವರು ಇದನ್ನು ಬಿಡಿಸಿಕೊಳ್ಳಬಹುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, 'ಪವರ್' ಎಂಬ ಇಂಗ್ಲಿಷ್ ಪದಕ್ಕೆ ಸಿ, ಎಫ್, ಜಿ ಅಕ್ಷರಗಳನ್ನು ಅಂಟಿಸಿ ಬರೆದು, ಒಂದು ಸ್ಪೇಸ್ ಬಿಟ್ಟು ಓರೆಗೆರೆ ಮತ್ತು ಎಚ್, ಮತ್ತೆ ಒಂದು ಸ್ಪೇಸ್ ಬಿಟ್ಟು 'ಆಫ್' ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು. ಫೈಲ್ ತಾನಾಗಿಯೇ ಹೋಗುತ್ತದೆ. 'ಆಫ್' ಬದಲು 'ಆನ್' ಎಂದರೆ ಮರಳಿ ಬರುತ್ತದೆ. ಇದರಿಂದ 'ಫಾಸ್ಟ್ ಸ್ಟಾರ್ಟಪ್' ಸೌಲಭ್ಯವೂ ನಿಲ್ಲುತ್ತದೆ, ಕಂಪ್ಯೂಟರ್ ಏಳಲು ಸ್ವಲ್ಪ ಹೆಚ್ಚು ಸಮಯ ಹಿಡಿಯಬಹುದು. ಎಸ್‌ಎಸ್‌ಡಿ ಇದ್ದರೆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ.

ಮೇಲೆ ಹೇಳಿದ ಹುಡುಗನ ಮನೆಯ ಕಳ್ಳ ಇದ್ದದ್ದು ಈ ಎರಡರಲ್ಲೂ ಅಲ್ಲ, 'ಸಿಸ್ಟಂ ವಾಲ್ಯೂಮ್ ಇನ್ಫರ್ಮೇಶನ್' ಎಂಬ ಫೋಲ್ಡರಿನಲ್ಲಿ. ಇದನ್ನು ತೆರೆಯಲು ಹೋದರೆ ಅನುಮತಿ ಇಲ್ಲ ಎಂದು ವಿಂಡೋಸ್ ತಡೆಯುತ್ತದೆ, ಗಾತ್ರ ಕೇಳಿದರೆ ಸೊನ್ನೆ ತೋರಿಸುತ್ತದೆ. ಆದರೆ ರಿಸ್ಟೋರ್ ಪಾಯಿಂಟ್‌ಗಳು ಇರುವುದು ಇದರಲ್ಲೇ. ಹೊಸ ಡ್ರೈವರ್ ಅಥವಾ ಅಪ್‌ಡೇಟ್ ಹಾಕಿ ಕಂಪ್ಯೂಟರ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ವಿಂಡೋಸ್ ಆಗಾಗ ತೆಗೆದಿಡುವ ಚಿತ್ರಗಳು ಅವು. ಒಂದು ರಿಸ್ಟೋರ್ ಪಾಯಿಂಟ್ ಆದ ನಂತರ ಡಿಸ್ಕ್‌ನಲ್ಲಿ ಏನು ಬದಲಾದರೂ, ಬದಲಾದ ಭಾಗದ ಹಳೆಯ ಪ್ರತಿ ಇಲ್ಲಿ ಸೇರುತ್ತಾ ಹೋಗುತ್ತದೆ. ದೊಡ್ಡ ಫೈಲ್‌ಗಳನ್ನು ಅಳಿಸಿದರೂ ಕೆಲವೊಮ್ಮೆ ಜಾಗ ನಿರೀಕ್ಷಿಸಿದಷ್ಟು ಹೆಚ್ಚುವುದಿಲ್ಲ, ಇದೂ ಒಂದು ಕಾರಣ. ಇದು ಎಲ್ಲಿಯವರೆಗೆ ಬೆಳೆಯಬಹುದು ಎಂಬುದಕ್ಕೆ ಒಂದು ಮಿತಿ ಇರುತ್ತದೆ. ಅವನ ಲ್ಯಾಪ್‌ಟಾಪ್‌ನಲ್ಲಿ ಆ ಮಿತಿಯ ಗುರುತು ಬಹಳ ಮೇಲೆ ಇತ್ತು. ಸ್ಟಾರ್ಟ್ ಮೆನುವಿನಲ್ಲಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಎಂದು ಹುಡುಕಿ ತೆರೆದು, ಸಿ ಡ್ರೈವ್ ಆಯ್ಕೆ ಮಾಡಿ 'ಕಾನ್ಫಿಗರ್' ಒತ್ತಿದರೆ ಈಗ ಎಷ್ಟು ಬಳಕೆಯಾಗಿದೆ, ಗರಿಷ್ಠ ಎಷ್ಟು ಎಂದು ಕಾಣುತ್ತದೆ. ಗುರುತನ್ನು ಎಡಕ್ಕೆ ಎಳೆದು ಶೇಕಡಾ 3ರಿಂದ 5ರೊಳಗೆ ಇಟ್ಟೆವು. ಜಾಗ ಆ ಕ್ಷಣವೇ ಮರಳಿತು. ಇಡೀ ಕೆಲಸಕ್ಕೆ ಎರಡು ನಿಮಿಷ ಹಿಡಿಯಿತು. ಆ ಹುಡುಗ ಏನೂ ಮಾತನಾಡಲಿಲ್ಲ. ಫಾರ್ಮ್ಯಾಟ್ ಮಾಡಿಸುವ ಮೊದಲು ಇದನ್ನು ನೋಡಿದ್ದರೆ ಎಂದು ಅವನಿಗೂ ಅನ್ನಿಸಿರಬೇಕು, ನನಗೂ ಅನ್ನಿಸಿತು.

ಸಿಸ್ಟಂ ಪ್ರೊಟೆಕ್ಷನ್ನನ್ನು ಪೂರ್ತಿ ಆಫ್ ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಅಪ್‌ಡೇಟ್ ಅರ್ಧಕ್ಕೆ ನಿಂತಾಗ ಕೈ ಹಿಡಿಯುವುದು ಇದೇ.

ಕೆಲವರಿಗೆ ಲೆಕ್ಕ ಉಲ್ಟಾ ಬರುತ್ತದೆ. 'ವಿಂಡೋಸ್' ಫೋಲ್ಡರ್ ಇರಬೇಕಾದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಅದರೊಳಗೆ 'ವಿನ್‌ಎಸ್‌ಎಕ್ಸ್‌ಎಸ್' ಎಂಬ ಉಪಫೋಲ್ಡರ್ ಭಾರೀ ಗಾತ್ರ ತೋರಿಸುತ್ತದೆ. ಇದನ್ನು ಕಂಡವರು ಕಳ್ಳ ಸಿಕ್ಕಿದ ಎಂದು ಕುಣಿಯುತ್ತಾರೆ. ವಿಂಡೋಸ್‌ನ ಎಲ್ಲ ಭಾಗಗಳ ಉಗ್ರಾಣ ಅದು. ಒಂದೇ ಫೈಲಿಗೆ ಎರಡು ಕಡೆ ಹೆಸರು ಕೊಡುವ 'ಹಾರ್ಡ್ ಲಿಂಕ್' ಎಂಬ ವ್ಯವಸ್ಥೆ ಇಲ್ಲಿ ಬಳಕೆಯಲ್ಲಿದೆ. ಒಬ್ಬ ವಿದ್ಯಾರ್ಥಿಯ ಹೆಸರು ತರಗತಿಯ ಹಾಜರಿ ಪುಸ್ತಕದಲ್ಲೂ ಇರುತ್ತದೆ, ಎನ್‌ಎಸ್‌ಎಸ್ ಪುಸ್ತಕದಲ್ಲೂ ಇರುತ್ತದೆ. ಎರಡೂ ಪುಸ್ತಕಗಳ ಹೆಸರುಗಳನ್ನು ಕೂಡಿದರೆ ಕಾಲೇಜಿನಲ್ಲಿ ಇರುವುದಕ್ಕಿಂತ ಹೆಚ್ಚು ಮಕ್ಕಳಿದ್ದಾರೆ ಎಂದಾಗುತ್ತದಲ್ಲವೇ? ಫೈಲ್ ಎಕ್ಸ್‌ಪ್ಲೋರರ್ ಮಾಡುವುದು ಅದನ್ನೇ. ಈ ಫೋಲ್ಡರಿನಿಂದ ಕೈಯಾರೆ ಏನನ್ನೂ ಅಳಿಸಬೇಡಿ, ವಿಂಡೋಸ್ ಮತ್ತೆ ಏಳದೇ ಹೋಗಬಹುದು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರಲ್ಲಿ ಸ್ಟೋರೇಜ್, ಅದರಲ್ಲಿ ಟೆಂಪರರಿ ಫೈಲ್ಸ್ ತೆರೆದು 'ವಿಂಡೋಸ್ ಅಪ್‌ಡೇಟ್ ಕ್ಲೀನಪ್' ಆಯ್ಕೆ ಮಾಡಿದರೆ ಅಲ್ಲಿನ ಹಳೆಯ ಸರಕನ್ನು ವಿಂಡೋಸ್ ತಾನೇ ಎಚ್ಚರಿಕೆಯಿಂದ ಹೊರಹಾಕುತ್ತದೆ.

ಅದೇ ಪುಟದಲ್ಲಿ 'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಶನ್' ಎಂಬ ಸಾಲು ಕಂಡರೆ ಅದು 'ವಿಂಡೋಸ್.ಓಲ್ಡ್' ಎಂಬ ಫೋಲ್ಡರ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಸುಮಾರಿಗೆ ಅನೇಕರು 11ಕ್ಕೆ ಏರಿದರು. ಏರಿದ ದಿನವೇ ಜಾಗ ಒಮ್ಮೆಲೇ ಕರಗಿದ್ದರೆ ಕಾರಣ ಇದು: ಹಳೆಯ ವಿಂಡೋಸ್ ಇಡಿಯಾಗಿ ಇನ್ನೂ ಮನೆಯಲ್ಲೇ ಕುಳಿತಿರುತ್ತದೆ. ಹತ್ತು ದಿನ ಕಾದರೆ ತಾನಾಗಿಯೇ ಹೋಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಯಾರಾದರೂ ಫಾರ್ಮ್ಯಾಟ್ ಮಾಡದೆ ಅದೇ ಡ್ರೈವ್‌ನಲ್ಲಿ ಹೊಸ ವಿಂಡೋಸ್ ಹಾಕಿಕೊಟ್ಟಿದ್ದರೆ ನಿಮ್ಮ ಹಳೆಯ ಫೋಟೊ, ಡಾಕ್ಯುಮೆಂಟ್‌ಗಳು ಈ ಫೋಲ್ಡರಿನೊಳಗಿನ 'ಯೂಸರ್ಸ್' ಎಂಬಲ್ಲಿ ಸಿಕ್ಕಿಕೊಂಡಿರಬಹುದು. ಮೊದಲು ಅದನ್ನು ತೆರೆದು ನೋಡಿ. ಹತ್ತು ದಿನದ ಗಡುವು ಅವಕ್ಕೂ ಅನ್ವಯಿಸುತ್ತದೆ.

ದಿನಕ್ಕಿಷ್ಟು ಎಂದು ನಿಧಾನವಾಗಿ, ನಿಲ್ಲದೆ ಜಾಗ ಇಳಿಯುತ್ತಿದ್ದರೆ ಯಾವುದೋ ಪ್ರೋಗ್ರಾಂ ಹಠ ಹಿಡಿದು ಬರೆಯುತ್ತಿದೆ ಎಂದು ತಿಳಿಯಿರಿ. ಇದಕ್ಕೆ ಪ್ರಸಿದ್ಧ ಉದಾಹರಣೆ ವಿಂಡೋಸ್ 7ರದ್ದು, ಆ ಹಳೆಯ ಕಂಪ್ಯೂಟರ್‌ಗಳು ಈಗಲೂ ಕೆಲವು ಮನೆ, ಅಂಗಡಿಗಳಲ್ಲಿ ಓಡುತ್ತಿವೆ. ಅಪ್‌ಡೇಟ್ ಕೆಲಸದ ದಿನಚರಿಯನ್ನು ವಿಂಡೋಸ್ ಒಂದು ಲಾಗ್ ಫೈಲಿನಲ್ಲಿ ಬರೆಯುತ್ತದೆ. ಅದು ದೊಡ್ಡದಾದಾಗ ಒತ್ತಿ ಚಿಕ್ಕದು ಮಾಡಿಡಲು ಇನ್ನೊಂದು ಪ್ರೋಗ್ರಾಂ ಇದೆ. ಆ ಪ್ರೋಗ್ರಾಂಗೆ 2 ಜಿಬಿಗಿಂತ ದೊಡ್ಡ ಫೈಲನ್ನು ಒತ್ತಲು ಬರುವುದಿಲ್ಲ. ಲಾಗ್ ಆ ಗಡಿ ದಾಟಿತೆಂದರೆ ಅದು ಪ್ರಯತ್ನಿಸುತ್ತದೆ, ಸೋಲುತ್ತದೆ, ಅರ್ಧ ಮಾಡಿದ ಫೈಲನ್ನು 'ವಿಂಡೋಸ್' ಒಳಗಿನ 'ಟೆಂಪ್' ಫೋಲ್ಡರಿನಲ್ಲಿ ಬಿಟ್ಟು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಪ್ರಯತ್ನ, ಮತ್ತೆ ಸೋಲು, ಮತ್ತೊಂದು ಅರ್ಧ ಫೈಲ್. ಡಿಸ್ಕ್ ತುಂಬುವವರೆಗೂ ಇದೇ. ನೀವು ಟೆಂಪ್ ಫೋಲ್ಡರನ್ನು ಖಾಲಿ ಮಾಡಿದರೆ ಜಾಗ ಬರುತ್ತದೆ, ನಾಳೆ ಮತ್ತೆ ತುಂಬುತ್ತದೆ, ಏಕೆಂದರೆ ಮೂಲವಾದ ಆ ದೊಡ್ಡ ಲಾಗ್ ಹಾಗೆಯೇ ಇದೆ. 'ಸರ್ವಿಸಸ್' ಪಟ್ಟಿಯಲ್ಲಿ 'ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್' ಅನ್ನು ನಿಲ್ಲಿಸಿ, 'ಲಾಗ್ಸ್' ಫೋಲ್ಡರಿನ 'ಸಿಬಿಎಸ್' ಒಳಗಿನ ಆ ಭಾರೀ ಲಾಗನ್ನೂ ಅರ್ಧ ಫೈಲ್‌ಗಳನ್ನೂ ಒಟ್ಟಿಗೆ ತೆಗೆದರೆ ಮಾತ್ರ ರೋಗ ವಾಸಿ.

ನಮ್ಮ ವಯಸ್ಸಿನವರ, ಕ್ಷಮಿಸಿ, ನಿಮ್ಮ ವಯಸ್ಸಿನವರ ಕಂಪ್ಯೂಟರ್‌ಗಳಲ್ಲಿ ಹೀಗೆ ನಿಧಾನವಾಗಿ ತಿನ್ನುವವರು ಬೇರೆಯೇ ಇದ್ದಾರೆ. ಸಿಇಟಿ, ನೀಟ್ ನೋಟ್ಸ್‌ಗಾಗಿ ಸೇರಿಕೊಂಡ ಟೆಲಿಗ್ರಾಂ ಗುಂಪುಗಳು ಅವರಲ್ಲಿ ಮುಖ್ಯ. ಟೆಲಿಗ್ರಾಂ ಡೆಸ್ಕ್‌ಟಾಪ್‌ನಲ್ಲಿ ನೋಡಿದ ಚಿತ್ರ, ವಿಡಿಯೊಗಳ ಪ್ರತಿ ಕಂಪ್ಯೂಟರಿನಲ್ಲಿ ಕೂರುತ್ತದೆ. ಅದರ ಸೆಟ್ಟಿಂಗ್ಸ್‌ನಲ್ಲಿ 'ಅಡ್ವಾನ್ಸ್ಡ್' ಒಳಗೆ 'ಮ್ಯಾನೇಜ್ ಲೋಕಲ್ ಸ್ಟೋರೇಜ್' ಎಂಬುದಿದೆ, ಅಲ್ಲಿ ಮಿತಿ ಹಾಕಬಹುದು. ವಾಟ್ಸ್‌ಆಪ್, ಬ್ರೌಸರ್, ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ಗಳ ಉಗ್ರಾಣಗಳು ಹೆಚ್ಚಾಗಿ 'ಆಪ್‌ಡೇಟಾ' ಎಂಬ ಅಡಗಿದ ಫೋಲ್ಡರಿನಲ್ಲಿವೆ. ಎಕ್ಸ್‌ಪ್ಲೋರರ್‌ನ 'ವ್ಯೂ' ಮೆನುವಿನಲ್ಲಿ 'ಹಿಡನ್ ಐಟಮ್ಸ್' ಆಯ್ಕೆ ಮಾಡುವವರೆಗೆ ಅದು ಕಾಣುವುದೇ ಇಲ್ಲ. ಕಾಲೇಜು ದಿನಾಚರಣೆಯ ವಿಡಿಯೊವನ್ನು ಪ್ರೀಮಿಯರ್ ಪ್ರೊನಲ್ಲಿ ಎಡಿಟ್ ಮಾಡಿದವರು ಅದರ 'ಮೀಡಿಯಾ ಕ್ಯಾಶ್' ಎಷ್ಟಿದೆ ಎಂದು ಒಮ್ಮೆ ನೋಡಿ.

ಫೋನಿನ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಲು ಬ್ಲೂಸ್ಟ್ಯಾಕ್ಸ್ ಹಾಕಿಕೊಂಡವರದ್ದು ಇನ್ನೊಂದು ಬಗೆ. ಅದು ಇಡೀ ಆಂಡ್ರಾಯ್ಡ್ ಫೋನನ್ನೇ ಒಂದು ದೊಡ್ಡ ಫೈಲಿನೊಳಗೆ ಇಟ್ಟುಕೊಂಡಿರುತ್ತದೆ. ಆಟ ಹಾಕಿದಾಗ ಆ ಫೈಲ್ ಉಬ್ಬುತ್ತದೆ, ಆಟ ತೆಗೆದಾಗ ತಾನಾಗಿ ಕುಗ್ಗುವುದಿಲ್ಲ. ಆಟ ಅಳಿಸಿದೆ, ಜಾಗ ಬರಲಿಲ್ಲ ಎಂದು ಕೇಳುವವರಿಗೆ ಉತ್ತರ ಇದು. ಅದರ ಸೆಟ್ಟಿಂಗ್ಸ್‌ನಲ್ಲಿಯೇ ಡಿಸ್ಕ್ ಕ್ಲೀನಪ್ ಎಂಬ ಆಯ್ಕೆ ಇದೆ.

ಇನ್ನು ರೀಸೈಕಲ್ ಬಿನ್. ಅಳಿಸಿದ ಫೈಲ್ ಕೋಣೆಯಿಂದ ಜಗಲಿಗೆ ಬಂದಿದೆ ಅಷ್ಟೇ, ಮನೆಯಿಂದ ಹೊರಗೆ ಹೋಗಿಲ್ಲ. ಬಿನ್ ಖಾಲಿ ಮಾಡುವವರೆಗೆ ಅದೇ ಡ್ರೈವ್‌ನಲ್ಲಿ ಅಷ್ಟೇ ಜಾಗ ಹಿಡಿದಿರುತ್ತದೆ. ಪೆನ್ ಡ್ರೈವ್‌ನಲ್ಲಿ ಮಾತ್ರ ಸಾಮಾನ್ಯವಾಗಿ ಈ ಜಗಲಿಯೇ ಇಲ್ಲ, ಅಳಿಸಿದರೆ ನೇರ ಹೊರಗೆ.

ಎಲ್ಲಕ್ಕಿಂತ ಹೆಚ್ಚು ಜನರನ್ನು ಅಳಿಸಿದ್ದು, ಎರಡೂ ಅರ್ಥದಲ್ಲಿ, ಒನ್‌ಡ್ರೈವ್. ಹೊಸ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಸಿದ್ಧಪಡಿಸುವಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು ನಮಗೆ ಸರಿಯಾಗಿ ಗೊತ್ತಾಗದೆಯೇ ಒನ್‌ಡ್ರೈವ್‌ಗೆ ಜೋಡಿಸಿಕೊಂಡಿರುತ್ತವೆ. ಅದು ಬ್ಯಾಕಪ್, ಹಾಗಾಗಿ ಕಂಪ್ಯೂಟರಿನಲ್ಲಿ ಇರುವುದನ್ನು ಅಳಿಸಿದರೂ ಮೇಲೆ ಪ್ರತಿ ಉಳಿಯುತ್ತದೆ ಎಂದು ನಂಬಿ ಡಿಲೀಟ್ ಮಾಡುತ್ತಾರೆ. ಒನ್‌ಡ್ರೈವ್ ಮಾಡುವುದು ಎರಡೂ ಕಡೆ ಒಂದೇ ರೀತಿ ಇಡುವ ಕೆಲಸ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಅಲ್ಲಿನ ಬಿನ್‌ನಲ್ಲಿ ಕೆಲವು ದಿನ ಕಾದು ಆಮೇಲೆ ಪೂರ್ತಿ ಹೋಗುತ್ತದೆ. ಜಾಗ ಮಾತ್ರ ಬೇಕಿದ್ದರೆ ಡಿಲೀಟ್ ಮುಟ್ಟಬೇಡಿ. ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ 'ಫ್ರೀ ಅಪ್ ಸ್ಪೇಸ್' ಆಯ್ಕೆ ಮಾಡಿ. ಫೈಲಿನ ಪಕ್ಕದಲ್ಲಿ ಮೋಡದ ಚಿಹ್ನೆ ಬರುತ್ತದೆ: ಹೆಸರು ಇಲ್ಲಿ, ಒಳಗಿನದ್ದು ಅಲ್ಲಿ. ಬೇಕಾದಾಗ ತೆರೆದರೆ ಇಂಟರ್‌ನೆಟ್ ಮೂಲಕ ಇಳಿದು ಬರುತ್ತದೆ. ಆದರೆ ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ, ಮದುವೆಯ ವಿಡಿಯೊ ಅದರಲ್ಲಿ ಹಿಡಿಸುವುದಿಲ್ಲ.

ಟೆಂಪರರಿ ಫೈಲ್ಸ್ ಪುಟದ ಬಗ್ಗೆ ಇನ್ನೊಂದು ಮಾತು. ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂಬ ಸಾಲೂ ಇರುತ್ತದೆ. ಹಾಲ್ ಟಿಕೆಟ್, ಸ್ಕಾಲರ್‌ಶಿಪ್ ಅರ್ಜಿಯ ಪ್ರತಿ, ಆದಾಯ ಪ್ರಮಾಣಪತ್ರದ ಪಿಡಿಎಫ್ ಎಲ್ಲ ನಮ್ಮಲ್ಲಿ ಎಲ್ಲಿರುತ್ತವೆ? ಅಲ್ಲೇ. ಎಲ್ಲ ಚೌಕಗಳಿಗೂ ಗುರುತು ಹಾಕಿ 'ರಿಮೂವ್' ಒತ್ತುವ ಮೊದಲು ಆ ಸಾಲಿನ ಗುರುತನ್ನು ತೆಗೆದುಬಿಡಿ. ಉಳಿದಂತೆ ಆ ಪುಟ ಸುರಕ್ಷಿತ. ಹೆಸರಿಲ್ಲದ 'ಕ್ಲೀನರ್', 'ಬೂಸ್ಟರ್' ಸಾಫ್ಟ್‌ವೇರ್‌ಗಳಿಗಿಂತ ಅದು ಎಷ್ಟೋ ಮೇಲು. ರಿಜಿಸ್ಟ್ರಿ ಶುಚಿ ಮಾಡುತ್ತೇವೆ ಎನ್ನುವವರನ್ನಂತೂ ಒಳಗೆ ಬಿಡಲೇಬೇಡಿ. ರಿಜಿಸ್ಟ್ರಿಯ ಕಸ ತೆಗೆದು ಸಿಗುವ ಜಾಗ ಲೆಕ್ಕಕ್ಕೇ ಬರುವುದಿಲ್ಲ, ತಪ್ಪಾಗಿ ತೆಗೆದರೆ ಕೆಡುವುದು ಇಡೀ ವಿಂಡೋಸ್.

ಅನೇಕ ಮನೆಗಳಲ್ಲಿ ನಾನು ಕಂಡ ತಮಾಷೆಯೆಂದರೆ ಸಿ ಉಸಿರುಗಟ್ಟುತ್ತಿರುತ್ತದೆ, ಪಕ್ಕದ ಡಿ ಡ್ರೈವ್ ಖಾಲಿ ಬಿದ್ದಿರುತ್ತದೆ. ಅಲ್ಲಿ ಅಳಿಸುವ ಅಗತ್ಯವೇ ಇಲ್ಲ. 'ವಿಡಿಯೋಸ್' ಅಥವಾ 'ಪಿಕ್ಚರ್ಸ್' ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ 'ಲೊಕೇಶನ್' ಎಂಬ ಪುಟವಿದೆ. ಡಿ ಡ್ರೈವ್‌ನಲ್ಲಿ ಅದೇ ಹೆಸರಿನ ಒಂದು ಫೋಲ್ಡರ್ ಮಾಡಿಕೊಂಡು, 'ಮೂವ್' ಒತ್ತಿ ಅದನ್ನು ತೋರಿಸಿದರೆ ಹಳೆಯ ಫೈಲ್‌ಗಳೂ ಅಲ್ಲಿಗೆ ಹೋಗುತ್ತವೆ, ಮುಂದೆ ಬರುವವೂ ಅಲ್ಲೇ ಸೇರುತ್ತವೆ. ಡಿ ಡ್ರೈವ್‌ನ ಬೇರನ್ನೇ ತೋರಿಸಬೇಡಿ, ಆಮೇಲೆ ಬಿಡಿಸಿಕೊಳ್ಳುವುದು ಕಷ್ಟ. 'ಪ್ರೋಗ್ರಾಂ ಫೈಲ್ಸ್' ಒಳಗಿನವನ್ನು ಕಟ್ ಮಾಡಿ ಡಿಗೆ ಪೇಸ್ಟ್ ಮಾಡುವುದೂ ಸರಿಯಲ್ಲ, ಆ ಪ್ರೋಗ್ರಾಂ ಮತ್ತೆ ತೆರೆಯುವುದಿಲ್ಲ.

ಫೋಟೊಗಳನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಕಟ್-ಪೇಸ್ಟ್ ಮಾಡಿ ಬ್ಯಾಕಪ್ ಆಯಿತು ಎನ್ನುವವರಿದ್ದಾರೆ. ಅದು ಸ್ಥಳಾಂತರ, ಬ್ಯಾಕಪ್ ಅಲ್ಲ. ಮೇಜಿನಿಂದ ಆ ಡಿಸ್ಕ್ ಒಮ್ಮೆ ಕೆಳಗೆ ಬಿದ್ದರೆ ಎಲ್ಲವೂ ಹೋಯಿತು. ಮರಳಿ ತೆಗೆಯಲಾಗದವು, ಅಂದರೆ ಮನೆಯವರ ಫೋಟೊ, ಧ್ವನಿ, ಅಂಗಡಿಯ ಲೆಕ್ಕ, ಎರಡು ಬೇರೆ ಬೇರೆ ವಸ್ತುಗಳಲ್ಲಿ ಇರಬೇಕು. ಅವನ್ನು ಎರಡನೇ ಕಡೆ ಕಾಪಿ ಮಾಡಿ, ನಾಲ್ಕಾರು ಫೈಲ್ ತೆರೆದು ಸರಿಯಾಗಿವೆಯೇ ಎಂದು ನೋಡಿದ ಮೇಲೆ ಸಿ ಡ್ರೈವ್‌ಗೆ ಕೈ ಹಾಕಿ. ರಿಪೇರಿಗೆ ಕೊಡುವಾಗಲೂ ಇದೇ ಕ್ರಮ. ಕೊಡುವ ಮೊದಲು ಡೇಟಾ ಬೇಕು, ಫಾರ್ಮ್ಯಾಟ್ ಮಾಡುವುದಾದರೆ ಕೇಳಿ ಮಾಡಿ ಎಂದು ಬಾಯಿಬಿಟ್ಟು ಹೇಳಿ, ಸಾಧ್ಯವಾದರೆ ರಸೀದಿಯ ಮೇಲೆ ಬರೆಸಿಕೊಳ್ಳಿ.

ಎಲ್ಲ ಮುಗಿದ ಮೇಲೆ ಸಿ ಡ್ರೈವ್‌ನ ಶೇಕಡಾ 15ರಿಂದ 20ರಷ್ಟು ಖಾಲಿ ಇರುವಂತೆ ನೋಡಿಕೊಳ್ಳಿ. ತುಂಬಿ ತುಳುಕುವ ಎಸ್‌ಎಸ್‌ಡಿ ನಿಧಾನವಾಗುತ್ತದೆ, ಅಪ್‌ಡೇಟ್‌ಗಳು ಸೋಲುತ್ತವೆ, ಪ್ರಾಜೆಕ್ಟ್ ಸಲ್ಲಿಸುವ ಹಿಂದಿನ ರಾತ್ರಿ ವರ್ಡ್ ಫೈಲ್ ಸೇವ್ ಆಗುವುದಿಲ್ಲ. ಆ ದಿನದ ದಿನಾಂಕ, ಖಾಲಿ ಇರುವ ಜಾಗ, ವಿಜ್‌ಟ್ರೀ ತೋರಿಸಿದ ಮೊದಲ ಐದು ದೊಡ್ಡ ಫೋಲ್ಡರ್‌ಗಳ ಹೆಸರು ಮತ್ತು ಗಾತ್ರವನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಡಿ. ತಿಂಗಳ ನಂತರ ಮತ್ತೊಮ್ಮೆ ನೋಡಿ ಪಕ್ಕದಲ್ಲಿ ಬರೆಯಿರಿ. ಐದರಲ್ಲಿ ಯಾವುದು ಬೆಳೆದಿದೆಯೋ ಅಲ್ಲಿಂದ ಹುಡುಕಲು ಶುರು ಮಾಡಿ. ಐದೂ ಹಾಗೆಯೇ ಇದ್ದು ಖಾಲಿ ಜಾಗ ಮಾತ್ರ ಇಳಿದಿದ್ದರೆ ರಿಸ್ಟೋರ್ ಪಾಯಿಂಟ್‌ನ ಗುರುತು ಎಲ್ಲಿದೆ ಎಂದು ನೋಡಿ.